ಪಾದಯಾತ್ರೆಯ ಚೀಲದಲ್ಲಿರುವ ನೋವಿನ ಮಾತ್ರೆಗಳು



ಮಹಾಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ನಮ್ಮ ಉತ್ತರ ಕರ್ನಾಟಕದ ಊರೂರುಗಳಲ್ಲಿ ಶ್ರೀಶೈಲದ ಪಾದಯಾತ್ರೆಯ ಸಿದ್ಧತೆ ಆರಂಭವಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳಿಂದ ಕಂಬಿಯೊಡನೆ ಹೊರಟು, ಕೆಲವರು ಮರಗಾಲು ಕಟ್ಟಿಕೊಂಡು, ಆತ್ಮಕೂರಿನಿಂದಾಚೆಗೆ ನಲ್ಲಮಲ ಅರಣ್ಯವನ್ನು ದಾಟಿ, ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಸನ್ನಿಧಿಯನ್ನು ಸೇರುವ ಭಕ್ತರ ಸಾಲನ್ನು ಕಾಣುವುದೇ ಒಂದು ಭಾಗ್ಯ. ಆ ದಾರಿಯ ದಾಸೋಹದ ಬಿಡಾರಗಳಲ್ಲಿ ಹಲವು ವರ್ಷಗಳಿಂದ ನಾವು ಚಿಕಿತ್ಸಾ ಸೇವೆಯನ್ನು ಸಲ್ಲಿಸುತ್ತ ಬಂದಿದ್ದೇವೆ. ಯಾತ್ರಿಕರ ಚೀಲದಲ್ಲಿ ವಿಭೂತಿಗಟ್ಟಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಜೊತೆಗೆ ಈಗ ತಪ್ಪದೆ ಇರುವ ಇನ್ನೊಂದು ವಸ್ತುವೆಂದರೆ ಮಾತ್ರೆಗಳ ಹಾಳೆ. ಯಾವ ಮಾತ್ರೆಯೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ನೋವಿನ ಗುಳಿಗಿರಿ.’

ಹಾಗೆ ಕೈಗೆ ಬಂದ ಒಂದು ಹಾಳೆಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಇಲ್ಲಿ ಬರೆಯುತ್ತೇವೆ. ಅಸೆಕ್ಲೋಫೆನ್ಯಾಕ್ 100 ಮಿ.ಗ್ರಾಂ., ಪ್ಯಾರಸಿಟಮಾಲ್ 325 ಮಿ.ಗ್ರಾಂ., ಕ್ಲೋರ್ಜೋಕ್ಸಜೋನ್ 250 ಮಿ.ಗ್ರಾಂ. ಒಂದು ಮಾತ್ರೆ, ಅದರೊಳಗೆ ಮೂರು ಔಷಧಗಳು. ಒಂದು ಬಾವಿಗೆ, ಒಂದು ನೋವಿಗೆ, ಒಂದು ಸ್ನಾಯು ಸೆಳೆತಕ್ಕೆ. ಇವು ಮೂರೂ ಬೇರೆ ಬೇರೆ ವಿಕಾರಗಳೆಂಬುದನ್ನು ಆಯುರ್ವೇದವೂ ಮೊದಲಿನಿಂದ ಬಲ್ಲದು. ಶೂಲವೆಂದರೆ ನೋವು. ಶೋಥವೆಂದರೆ ಬಾವು. ಮೀನಖಂಡದಲ್ಲಿ ಗಂಟು ಕಟ್ಟಿದಂತೆ ಹಿಡಿಯುವ ಸೆಳೆತವನ್ನು ‘ಖಲ್ಲಿ’ ಎಂಬ ಬೇರೆಯದೇ ಹೆಸರಿನಿಂದ ಕರೆದಿದ್ದಾರೆ. ಒಂದಕ್ಕೆ ಹೇಳಿದ ಚಿಕಿತ್ಸೆ ಇನ್ನೊಂದಕ್ಕೆ ಹೊಂದಬೇಕೆಂದೇನೂ ಇಲ್ಲ. ಆಯುರ್ವೇದ ವೈದ್ಯರಾದ ನಾವು ಅಲೋಪಥಿ ಮಾತ್ರೆಗಳ ವಿಚಾರವನ್ನು ಏಕೆ ಬರೆಯಬೇಕೆಂದು ಕೆಲವರು ಕೇಳಬಹುದು. ನಮ್ಮ ಬಳಿಗೆ ಬರುವವರಲ್ಲಿ ಹೆಚ್ಚಿನವರು ಅವುಗಳನ್ನು ನುಂಗಿಯೇ ಬರುತ್ತಾರೆ. ಅವುಗಳ ಗುಣದೋಷಗಳನ್ನು ಅರಿಯದೆ ನಮ್ಮ ಚೂರ್ಣ, ಕಷಾಯಗಳನ್ನು ಕೊಡುವುದೂ ಅಪಾಯವೇ.

ಮೊದಲು ಪ್ಯಾರಸಿಟಮಾಲನ್ನು ನೋಡೋಣ. ಇದು ನೋವು ಮತ್ತು ಜ್ವರಗಳನ್ನು ಇಳಿಸುತ್ತದೆ. ಆದರೆ ಬಾವನ್ನು ಕರಗಿಸುವ ಶಕ್ತಿ ಇದಕ್ಕೆ ಅಷ್ಟಾಗಿ ಇಲ್ಲ. ಜಠರಕ್ಕೂ ಮೂತ್ರಪಿಂಡಕ್ಕೂ ಉಳಿದ ನೋವಿನ ಮಾತ್ರೆಗಳಷ್ಟು ಕೆಡುಕು ಮಾಡದು. ಆದುದರಿಂದ ಸಾಮಾನ್ಯವಾದ ಮೈಕೈ ನೋವಿಗೆ ಮೊದಲು ಕೈಯಿಡಬೇಕಾದದ್ದು ಇದರ ಮೇಲೆಯೇ. ಡೆಂಗಿ ಜ್ವರದ ಸಂದೇಹವಿರುವಾಗಲಂತೂ ಇದರ ಹೊರತು ಬೇರೆ ನೋವಿನ ಮಾತ್ರೆಯನ್ನು ಮುಟ್ಟಲೇಬಾರದು. ಉಳಿದವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಆದರೆ ಪ್ಯಾರಸಿಟಮಾಲಿಗೂ ಮಿತಿಯಿದೆ. ಆರೋಗ್ಯವಂತನಾದ ವಯಸ್ಕನಿಗೆ 24 ಗಂಟೆಗಳಲ್ಲಿ 4 ಗ್ರಾಂ ಪರಮಾವಧಿ. ಕೃಶ ಶರೀರದವರಿಗೂ ವೃದ್ಧರಿಗೂ ಅದಕ್ಕಿಂತ ಕಡಿಮೆ. ಮಿತಿ ಮೀರಿದರೆ ಕೆಡುವುದು ಯಕೃತ್ತು. ಮದ್ಯಪಾನದ ಚಟವಿದ್ದವರಲ್ಲಿ ಇನ್ನೂ ಬೇಗ. ತೊಡಕಿರುವುದು ಒಂದೇ ಔಷಧ ಹಲವು ಹೆಸರುಗಳಲ್ಲಿ ಅಡಗಿರುವುದರಲ್ಲಿ. ಜ್ವರಕ್ಕೆಂದು 650ರ ಮಾತ್ರೆ, ನೆಗಡಿಗೆಂದು ಇನ್ನೊಂದು, ಮೊಣಕಾಲಿಗೆಂದು ಮೇಲೆ ಹೇಳಿದ ಮೂರು ಔಷಧಗಳ ಮಾತ್ರೆ: ಮೂರರಲ್ಲಿಯೂ ಪ್ಯಾರಸಿಟಮಾಲ್ ಇರಬಹುದು. ನುಂಗುವವರಿಗೆ ಅದರ ಅರಿವಿರುವುದಿಲ್ಲ. ಇನ್ನೊಂದು ಮಾತು. ಬಿಸಿಲ ಝಳ ತಾಗಿ ಮೈ ಕಾದವರಿಗೆ ಪ್ಯಾರಸಿಟಮಾಲ್ ಕೊಟ್ಟು ಕಾಯುತ್ತ ಕೂಡುವುದು ವ್ಯರ್ಥ. ಅದು ಜ್ವರವಲ್ಲ. ಅಂಥವರನ್ನು ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತ ಒಡನೆ ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ಅಸೆಕ್ಲೋಫೆನ್ಯಾಕ್. ಡೈಕ್ಲೋಫೆನ್ಯಾಕ್, ಐಬುಪ್ರೊಫೇನ್, ನೆಪ್ರೋಕ್ಸೆನ್, ಆಸ್ಪಿರಿನ್, ಎಟೋರಿಕಾಕ್ಸಿಬ್ ಇವೆಲ್ಲ ಒಂದೇ ಮನೆತನದವು. ಸ್ಟಿರಾಯ್ಡ್ ಅಲ್ಲದ ಬಾವುಹರ ಔಷಧಗಳೆಂದು ವೈದ್ಯರು ಇವನ್ನು ಕರೆಯುತ್ತಾರೆ. ಇವು ಹೇಗೆ ಕೆಲಸ ಮಾಡುತ್ತವೆಂಬುದನ್ನು 1971ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಜಾನ್ ವೇನ್; 1982ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಂದಿತು. ಪೆಟ್ಟು ಬಿದ್ದ ಜಾಗದಲ್ಲಿ ಶರೀರವು ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯವನ್ನು ಹುಟ್ಟಿಸುತ್ತದೆ. ಕೆಂಪು, ಬಿಸಿ, ಬಾವು, ನೋವುಗಳನ್ನು ತರುವುದರಲ್ಲಿ ಅದರ ಕೈವಾಡ ದೊಡ್ಡದು. ಈ ಮಾತ್ರೆಗಳು ಅದರ ಉತ್ಪತ್ತಿಯನ್ನೇ ತಡೆಯುತ್ತವೆ. ಇಷ್ಟೇ ಆಗಿದ್ದರೆ ಇವುಗಳಷ್ಟು ಉಪಕಾರಿಯಾದ ಔಷಧ ಬೇರೊಂದಿರಲಿಲ್ಲ. ಆದರೆ ಅದೇ ಪ್ರೊಸ್ಟಾಗ್ಲಾಂಡಿನ್ ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಕಾವಲುಗಾರನೂ ಹೌದು. ಶರೀರದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಅಗಲವಾಗಿ ತೆರೆದಿಡುವುದೂ ಅದೇ. ಮಾತ್ರೆಗೆ ಮೊಣಕಾಲಿನ ಪ್ರೊಸ್ಟಾಗ್ಲಾಂಡಿನ್ ಯಾವುದು, ಮೂತ್ರಪಿಂಡದ್ದು ಯಾವುದು ಎಂಬ ಭೇದ ತಿಳಿಯದು.

ಕಾಲು ಹೊರಳಿ ಬಾತುಕೊಂಡಾಗ, ಹಲ್ಲಿನ ಬುಡ ಉಬ್ಬಿದಾಗ, ಆಮವಾತದಲ್ಲಿ ಕೀಲುಗಳು ಕೆಂಪಾಗಿ ಊದಿಕೊಂಡಾಗ ಇವು ನಿಜವಾಗಿಯೂ ಗುಣಕಾರಿ. ಊಟದ ನಂತರ, ಅಲ್ಪ ಪ್ರಮಾಣದಲ್ಲಿ, ಕೆಲವೇ ದಿನಗಳ ಕಾಲ ಎಂಬುದು ನಿಯಮ. ಜನರಲ್ಲಿ ಬೇರೂರಿದ ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ‘ಮಾತ್ರೆ ಬೇಡ, ಇಂಜೆಕ್ಷನ್ ಮಾಡಿರಿ, ಹೊಟ್ಟೆಗೆ ತ್ರಾಸಾಗುವುದಿಲ್ಲ’ ಎನ್ನುವವರಿದ್ದಾರೆ. ಔಷಧವು ಜಠರವನ್ನು ಕೆಡಿಸುವುದು ಬಹುಪಾಲು ರಕ್ತದ ಮೂಲಕ. ಸೂಜಿಯಿಂದ ಹೋದರೂ ಅದು ರಕ್ತಕ್ಕೇ ಸೇರುತ್ತದೆ. ಎರಡನೆಯದು, ಗ್ಯಾಸಿನ ಮಾತ್ರೆಯನ್ನು ಜೊತೆಗೆ ನುಂಗಿದರೆ ಎಷ್ಟು ದಿನವಾದರೂ ಮುಂದುವರಿಸಬಹುದೆಂಬ ಧೈರ್ಯ. ಪ್ಯಾಂಟೊಪ್ರಜೋಲಿನಂತಹ ಮಾತ್ರೆ ಜಠರವನ್ನು ಬಹುಮಟ್ಟಿಗೆ ಕಾಯುತ್ತದೆ, ನಿಜ. ಮೂತ್ರಪಿಂಡವನ್ನು ಅದು ಕಾಯುವುದಿಲ್ಲ.

ಆ ಮೂತ್ರಪಿಂಡದ ವಿಷಯವಾಗಿಯೇ ಈ ಲೇಖನವನ್ನು ಬರೆಯಲು ಕುಳಿತೆವು. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ರೈತರೊಬ್ಬರು, ಅರುವತ್ತರ ಗಡಿಯಲ್ಲಿದ್ದವರು, ಪಾದಯಾತ್ರೆಗೆ ಹೊರಡುವ ಮುನ್ನ ಚಿಕಿತ್ಸಾಲಯಕ್ಕೆ ಬಂದು ‘ಡಾಕ್ಟರ್ ಸಾಹೇಬ್ರ, ಮೊಣಕಾಲ ಹಿಡೀತಾವ, ದಾರ್‍ಯಾಗ ನೋವಿನ ಗುಳಿಗಿ ನುಂಗಿದ್ರ ನಡದೀತೇನ್ರಿ?’ ಎಂದು ಕೇಳಿದರು. ಅಂದು ರೋಗಿಗಳ ಗದ್ದಲ ಬಹಳವಿತ್ತು. ತಲೆಯೆತ್ತದೆಯೇ ‘ಒಂದೆರಡು ನುಂಗಿದರೆ ಏನೂ ಆಗದು’ ಎಂದುಬಿಟ್ಟೆವು. ಅವರು ರಕ್ತದೊತ್ತಡಕ್ಕೆ ಯಾವ ಮಾತ್ರೆಯನ್ನು ನುಂಗುತ್ತಿದ್ದಾರೆಂದು ಕೇಳಲಿಲ್ಲ. ದಾರಿಯಲ್ಲಿ ಬಿಸಿಲು ಏರಿತು. ಅವರು ದಿನಕ್ಕೆ ಮೂರು ಮಾತ್ರೆಗಳಂತೆ ನುಂಗುತ್ತ ನಡೆದರು. ಬಹಿರ್ದೆಸೆಗೆ ಪದೇ ಪದೇ ಹೋಗಬೇಕಾದೀತೆಂದು ನೀರನ್ನೂ ಕಡಿಮೆ ಕುಡಿದರು. ದರ್ಶನ ಮುಗಿಸಿ ಬಸ್ಸಿನಲ್ಲಿ ಊರಿಗೆ ಮರಳಿದಾಗ ಮುಖ, ಪಾದಗಳು ಊದಿದ್ದವು; ಮೂತ್ರ ಬಹುತೇಕ ನಿಂತೇ ಹೋಗಿತ್ತು. ರಕ್ತದ ಕ್ರಿಯಾಟಿನಿನ್ ಆರನ್ನು ದಾಟಿತ್ತು. ಕೆಲವು ಬಾರಿ ಡಯಾಲಿಸಿಸ್ ಮಾಡಬೇಕಾಯಿತು. ಮಲ್ಲಯ್ಯನ ಕೃಪೆಯಿಂದ ಬದುಕಿ ಉಳಿದರು, ಮೂತ್ರಪಿಂಡಗಳು ಮೊದಲಿನಂತಾಗಲಿಲ್ಲ. ಇಂದಿಗೂ ಅವರು ನಮ್ಮನ್ನು ಕಂಡರೆ ಕೈ ಮುಗಿಯುತ್ತಾರೆ. ಆ ಕೈಗಳನ್ನು ನೋಡುವುದು ನಮಗೆ ಕಷ್ಟ.

ಅಲ್ಲಿ ಆದದ್ದೇನು? ಅವರ ರಕ್ತದೊತ್ತಡದ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಇತ್ತು, ಜೊತೆಗೆ ಮೂತ್ರವನ್ನು ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಇತ್ತು. ಎರಡೂ ಒಳ್ಳೆಯ ಔಷಧಗಳೇ. ಒಂದು ಮೂತ್ರಪಿಂಡದ ಸೋಸುವಿಕೆಯ ಒಳ ಒತ್ತಡವನ್ನು ತಗ್ಗಿಸುತ್ತದೆ, ಇನ್ನೊಂದು ಶರೀರದ ನೀರನ್ನೂ ಉಪ್ಪನ್ನೂ ಹೊರಹಾಕುತ್ತದೆ. ಅವುಗಳ ಮೇಲೆ ನೋವಿನ ಮಾತ್ರೆ ಬಂದು, ರಕ್ತ ಹರಿದು ಬರುವ ಬಾಗಿಲನ್ನೇ ಕಿರಿದು ಮಾಡಿತು. ಬೆವರಿನಿಂದ ನೀರು ಮೊದಲೇ ಬತ್ತಿತ್ತು. ರಾಮಿಪ್ರಿಲ್, ಎನಲಾಪ್ರಿಲ್, ಲೊಸಾರ್ಟನ್‌ಗಳನ್ನು ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ನಿಮ್ಮ ಒತ್ತಡದ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರವಿದ್ದರೆ ಅದರಲ್ಲಿ ಬಹುಪಾಲು ಈ ಮೂತ್ರವರ್ಧಕವಿರುತ್ತದೆ. ಹಾಗೆಂದು ಒತ್ತಡದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ಬಿಡಬಾರದು. ಬಿಡಬೇಕಾದದ್ದು ನೋವಿನ ಮಾತ್ರೆಯನ್ನು. ಸಕ್ಕರೆ ಕಾಯಿಲೆ, ಹೃದ್ರೋಗ, ಹಿಂದೆ ಜಠರದ ಹುಣ್ಣಿನಿಂದ ರಕ್ತಸ್ರಾವವಾದದ್ದು, ಉಬ್ಬಸ ಇವುಗಳಲ್ಲಿ ಯಾವುದಿದ್ದರೂ ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಮನೆತನದ ಮಾತ್ರೆಯನ್ನು ಸೇವಿಸಬಾರದು. ಹೃದಯಕ್ಕೆಂದು 75 ಮಿ.ಗ್ರಾಂ. ಆಸ್ಪಿರಿನ್ ತೆಗೆದುಕೊಳ್ಳುವವರು ಅದರ ಮೇಲೆ ಐಬುಪ್ರೊಫೇನ್ ನುಂಗಿದರೆ ಆಸ್ಪಿರಿನ್ನಿನ ಉಪಕಾರವೇ ಕುಗ್ಗಬಹುದು.

ಪ್ರಸಂಗವಶಾತ್ ಒಂದು ಸಂಗತಿ. ನಮ್ಮ ಬಾಲ್ಯದಲ್ಲಿ ಊರ ಹೊರಗೆ ಸತ್ತ ದನ ಬಿದ್ದರೆ ರಣಹದ್ದುಗಳು ಆಕಾಶದಲ್ಲಿ ಸುತ್ತು ಹಾಕುತ್ತಿದ್ದವು. ಇಂದಿನ ಮಕ್ಕಳು ಅವನ್ನು ಕಂಡಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನ್ಯಾಕ್ ಅವುಗಳ ಕಳೇಬರದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸತ್ತವು. ಈ ಕಾರಣಕ್ಕೆ 2006ರಲ್ಲಿ ಭಾರತ ಸರಕಾರವು ಪಶುಗಳಿಗೆ ಅದನ್ನು ನಿಷೇಧಿಸಿತು. 2023ರಲ್ಲಿ ಅಸೆಕ್ಲೋಫೆನ್ಯಾಕನ್ನೂ ಕೀಟೊಪ್ರೊಫೇನನ್ನೂ ನಿಷೇಧಿಸಿತು. ಉಳಿದ ಕೆಲವೇ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಿಂದ ರಕ್ಷಿತ ಧಾಮವಿದೆ. ಮನುಷ್ಯನ ಮೂತ್ರಪಿಂಡ ಹದ್ದಿನಷ್ಟು ಸೂಕ್ಷ್ಮವಲ್ಲ. ಆದರೂ ಚಾಕಲೇಟಿನಂತೆ ನುಂಗುವ ವಸ್ತು ಇದಲ್ಲ.

ಮಾತ್ರೆಯೊಳಗಿನ ಮೂರನೆಯ ಔಷಧ ಸೆಳೆತಕ್ಕೆಂದು ಸೇರಿಸಿದ್ದು. ಕ್ಲೋರ್ಜೋಕ್ಸಜೋನ್, ಟಿಜಾನಿಡಿನ್, ಥಯೋಕಾಲ್ಚಿಕೋಸೈಡ್ ಮುಂತಾದವು ಈ ಗುಂಪಿನವು. ಸ್ನಾಯುಸಡಿಲಿಕೆಯ ಔಷಧಗಳೆಂದು ಕರೆದರೂ ಇವು ಸ್ನಾಯುವಿನ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಮಿದುಳು ಮತ್ತು ಬೆನ್ನುಹುರಿಗಳಲ್ಲಿ ನರಗಳ ಆಜ್ಞೆಯನ್ನು ಮಂದಗೊಳಿಸುತ್ತವೆ. ಆದುದರಿಂದಲೇ ಜೋಂಪು, ತಲೆತಿರುಗು, ಬಾಯಿ ಒಣಗುವಿಕೆ ಕಾಣಿಸಿಕೊಳ್ಳುತ್ತವೆ. ಟಿಜಾನಿಡಿನ್ ರಕ್ತದೊತ್ತಡವನ್ನೂ ಇಳಿಸುತ್ತದೆ. ಭೇದಿಗೆಂದು ಅಂಗಡಿಯಿಂದ ತರುವ ಸಿಪ್ರೊಫ್ಲೊಕ್ಸಸಿನ್ ಜೊತೆಗೆ ಅದನ್ನು ಎಂದಿಗೂ ನುಂಗಬಾರದು, ಒತ್ತಡ ಕುಸಿದು ಎಚ್ಚರ ತಪ್ಪಬಹುದು. ಬೆನ್ನು ಹಿಡಿದು ಹಾಸಿಗೆ ಹಿಡಿದವರಿಗೆ ನಾಲ್ಕಾರು ದಿನ ಇವು ನೆರವಾಗುತ್ತವೆ. ಟ್ರ್ಯಾಕ್ಟರ್ ನಡೆಸುವವರು, ಮರಗಾಲಿನ ಮೇಲೆ ನಡೆಯುವವರು, ನಸುಕಿನ ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ಸಾಗುವವರು ಇವನ್ನು ನುಂಗಿ ತೂಕಡಿಸುವುದೆಂದರೆ ಜೀವವನ್ನೇ ಪಣಕ್ಕೊಡ್ಡಿದಂತೆ.

ಥಯೋಕಾಲ್ಚಿಕೋಸೈಡಿನ ಮೂಲವು ನಮ್ಮವರಿಗೆ ಕುತೂಹಲ ಹುಟ್ಟಿಸೀತು. ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಬೀಜದಿಂದ ತೆಗೆದ ಸತ್ವವನ್ನು ಮಾರ್ಪಡಿಸಿ ಇದನ್ನು ತಯಾರಿಸುತ್ತಾರೆ. ಆಯುರ್ವೇದದಲ್ಲಿ ಇದೇ ಲಾಂಗಲಿ; ಉಪವಿಷಗಳ ಸಾಲಿನಲ್ಲಿ ಎಣಿಸಿ, ಶೋಧನೆ ಮಾಡದೆ ಬಳಸಕೂಡದೆಂದು ವಿಧಿಸಿದ ಗಿಡ. ಯುರೋಪಿನ ಔಷಧ ನಿಯಂತ್ರಕರೂ 2013ರಲ್ಲಿ ಈ ಮಾತ್ರೆಯನ್ನು ಏಳು ದಿನಗಳಿಗಿಂತ ಹೆಚ್ಚು ಕೊಡಬಾರದು, ಗರ್ಭಿಣಿಯರಿಗೆ ಕೊಡಲೇಬಾರದು ಎಂದು ಎಚ್ಚರಿಸಿದರು. ನಮ್ಮಲ್ಲಿ ಇದನ್ನು ತಿಂಗಳುಗಟ್ಟಲೆ ನುಂಗುವವರನ್ನು ಕಂಡಿದ್ದೇವೆ.

ಆದರೆ ನಡಿಗೆಯಲ್ಲಿ ರಾತ್ರಿ ಮೀನಖಂಡ ಹಿಡಿಯುವ ಸೆಳೆತಕ್ಕೆ ಈ ಮಾತ್ರೆಗಳ ಅವಶ್ಯಕತೆಯೇ ಇಲ್ಲ. ಅದು ದಣಿದ ಸ್ನಾಯುವಿನ ಕೂಗು. ಬೆವರಿನಲ್ಲಿ ನೀರೂ ಉಪ್ಪೂ ಹೋದದ್ದು ಅದಕ್ಕೆ ಕೂಡಿಕೊಂಡಿರುತ್ತದೆ. ಕಾಲನ್ನು ನೀಳವಾಗಿ ಚಾಚಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲನೆ ಎಳೆದು ಅರ್ಧ ನಿಮಿಷ ಹಿಡಿದರೆ ಗಂಟು ಸಡಿಲುತ್ತದೆ. ಆಮೇಲೆ ಬೆಚ್ಚನೆಯ ಎಳ್ಳೆಣ್ಣೆಯಿಂದ ಮೃದುವಾಗಿ ನೀವಬೇಕು, ತುಳಿಸಿಕೊಳ್ಳಬಾರದು. ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ, ಅಥವಾ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಚಿಕ್ಕ ಚಮಚ ಸಕ್ಕರೆ ಮತ್ತು ಅರ್ಧ ಚಿಕ್ಕ ಚಮಚ ಉಪ್ಪು ಬೆರೆಸಿದ ಪಾನಕ. ದಾಸೋಹದ ಬಿಡಾರಗಳಲ್ಲಿ ಅಂಬಲಿ, ಮಜ್ಜಿಗೆಗಳನ್ನು ಕೊಡುತ್ತ ಬಂದ ನಮ್ಮ ಹಿರಿಯರಿಗೆ ಈ ಲೆಕ್ಕಾಚಾರ ತಿಳಿದಿತ್ತೋ ಇಲ್ಲವೋ, ಮದ್ದು ಮಾತ್ರ ಸರಿಯಾದದ್ದೇ. ಒಂದು ಎಚ್ಚರಿಕೆ: ಮೈಯೆಲ್ಲ ಸ್ನಾಯುಗಳು ಬಿಗಿದು ನೊಂದು, ಮೂತ್ರವು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ನಡಿಗೆಯನ್ನು ಅಲ್ಲಿಯೇ ನಿಲ್ಲಿಸಬೇಕು. ಸ್ನಾಯುಗಳು ಒಡೆದು ಅವುಗಳ ಅಂಶ ಮೂತ್ರಪಿಂಡವನ್ನು ಮುಚ್ಚುತ್ತಿರುವ ಲಕ್ಷಣ ಅದು. ಆಗ ಬೇಕಾದದ್ದು ಆಸ್ಪತ್ರೆ, ಎಣ್ಣೆಯಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ದೋಷವನ್ನೂ ಹೇಳದಿದ್ದರೆ ನ್ಯಾಯವಾಗದು. ಸಂತೆಗಳಲ್ಲಿ, ಜಾತ್ರೆಗಳಲ್ಲಿ, ಕೆಲವು ಹೆಸರಾಂತ ‘ವಾತದ ಔಷಧ’ದ ಠಾವುಗಳಲ್ಲಿ ಹೆಸರಿಲ್ಲದ ಪೊಟ್ಟಣಗಳು ಮಾರಾಟವಾಗುತ್ತವೆ. ‘ಶುದ್ಧ ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂಬ ಭರವಸೆ ಬೇರೆ. ಒಮ್ಮೆ ನಮ್ಮಲ್ಲಿಗೆ ಬಂದ ತಾಯಿಯೊಬ್ಬರು ಇಂಥ ಪುಡಿಯನ್ನು ಎಂಟು ತಿಂಗಳು ಸೇವಿಸಿದ್ದರು. ಮೊದಲ ಪೊಟ್ಟಣಕ್ಕೇ ಮಂಡಿನೋವು ಮಾಯವಾಗಿತ್ತು. ಹಸಿವು ಹೆಚ್ಚಿತ್ತು, ಮುಖ ದುಂಡಗಾಗಿತ್ತು. ಮೈ ತುಂಬಿಕೊಂಡರೆಂದು ಮನೆಯವರು ಸಂತೋಷಪಟ್ಟಿದ್ದರು. ಬಳಿಕ ಸಕ್ಕರೆ ಕಾಯಿಲೆ ಕಾಣಿಸಿತು, ಚರ್ಮ ಹಾಳೆಯಂತೆ ತೆಳ್ಳಗಾಯಿತು. ಹೆದರಿ ಪುಡಿಯನ್ನು ಒಮ್ಮೆಲೇ ಬಿಟ್ಟಾಗ ಎದ್ದು ನಿಲ್ಲಲಾಗದಷ್ಟು ನಿತ್ರಾಣ, ವಾಂತಿ, ರಕ್ತದೊತ್ತಡದ ಕುಸಿತ. ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿದ್ದರೆಂಬುದಕ್ಕೆ ಅವರ ಶರೀರವೇ ಸಾಕ್ಷಿ ನುಡಿಯುತ್ತಿತ್ತು.

ಸ್ಟಿರಾಯ್ಡ್ ತಾನಾಗಿಯೇ ದುಷ್ಟ ಔಷಧವಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರು ಕೀಲುವಾತದಿಂದ ಏಳಲಾರದಿದ್ದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದರು. 1950ರಲ್ಲಿ ಅವರಿಗೂ ಅವರ ಇಬ್ಬರು ಸಹಭಾಗಿಗಳಿಗೂ ನೊಬೆಲ್ ದೊರೆಯಿತು. ಉಬ್ಬಸದ ತೀವ್ರ ಆಘಾತದಲ್ಲಿ, ಅನೇಕ ಬಾವಿನ ರೋಗಗಳಲ್ಲಿ ಇಂದಿಗೂ ಅದು ಪ್ರಾಣರಕ್ಷಕ. ಅಳತೆ ಹಾಕಿ, ಕಾವಲಿಟ್ಟು, ಕ್ರಮೇಣ ಇಳಿಸುತ್ತ ಕೊಡಬೇಕಾದ ಔಷಧವನ್ನು ಹೆಸರು ಹೇಳದೆ ಕದ್ದು ತಿನ್ನಿಸುವುದು ಪಾಪ. ಅದನ್ನು ಆಯುರ್ವೇದದ ಹೆಸರಿನಲ್ಲಿ ಮಾಡುವುದು ನಮ್ಮ ಶಾಸ್ತ್ರಕ್ಕೆ ಬಗೆದ ದ್ರೋಹ. ವಾತದ ಪುಡಿ ಒಂದೆರಡು ದಿನಗಳಲ್ಲಿಯೇ ಪವಾಡದಂತೆ ನೋವನ್ನು ಅಳಿಸಿದರೆ ಹರ್ಷಿಸುವ ಮೊದಲು ಸಂಶಯಿಸಿರಿ. ನಿಜವಾದ ಆಯುರ್ವೇದ ಔಷಧದ ಮೇಲೆ ಘಟಕದ್ರವ್ಯಗಳು, ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಲೇಬೇಕೆಂಬುದು ಕಾನೂನು. ಈಗಾಗಲೇ ಇಂಥ ಪುಡಿಯನ್ನು ತಿಂಗಳುಗಟ್ಟಲೆ ಸೇವಿಸುತ್ತಿರುವವರು ಈ ಲೇಖನವನ್ನು ಓದಿ ನಾಳೆಯೇ ಬಿಟ್ಟುಬಿಡಬಾರದು. ಪೊಟ್ಟಣದೊಡನೆ ತಜ್ಞ ವೈದ್ಯರನ್ನು ಕಾಣಿರಿ.

ನಮ್ಮ ಶಾಸ್ತ್ರೋಕ್ತ ಔಷಧಗಳೂ ತಾವಾಗಿ ತಂದು ನುಂಗತಕ್ಕವಲ್ಲ. ಮಹಾಯೋಗರಾಜ ಗುಗ್ಗುಳುವಿನಲ್ಲಿ ನಾಗಭಸ್ಮ, ಅಂದರೆ ಸೀಸದ ಭಸ್ಮವಿದೆ. ವಿಷತಿಂದುಕದ ಗುಳಿಗೆ ಕಾಸರಕದ ಬೀಜದ್ದು; ಮಾತ್ರೆ ಮೀರಿದರೆ ಸೆಳೆತವನ್ನು ಬಿಡಿಸುವ ಬದಲು ತಾನೇ ಸೆಳೆತ ತರಬಲ್ಲದು. ಎಣ್ಣೆಯ ವಿಷಯದಲ್ಲಿಯೂ ವಿವೇಕ ಬೇಕು. ಸವೆದ ಮಂಡಿಯ ಸಂಧಿವಾತಕ್ಕೆ ಮಹಾನಾರಾಯಣ ತೈಲ ಹಚ್ಚಿ ಲಕ್ಕಿ ಸೊಪ್ಪಿನ ಕಾವು ಕೊಟ್ಟರೆ ಹಿತವಾಗುತ್ತದೆ. ಆಮವಾತದಲ್ಲಿ ಊದಿ ಬಿಸಿಯಾದ ಕೀಲಿಗೆ ಎಣ್ಣೆ ಸಲ್ಲದು. ಅಲ್ಲಿ ಹುರಿದ ಮರಳಿನ ಗಂಟಿನ ಒಣ ಕಾವನ್ನು ಹೇಳಿದ್ದಾರೆ. ಆಗ ತಾನೇ ಹೊರಳಿದ ಪಾದಕ್ಕಂತೂ ಮೊದಲ ಎರಡು ದಿನ ಕಾವೂ ಬೇಡ, ಉಜ್ಜುವುದೂ ಬೇಡ; ತಣ್ಣೀರ ಬಟ್ಟೆ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ವಿಶ್ರಾಂತಿ ಕೊಡಬೇಕು.

ಈ ವರ್ಷ ಯಾತ್ರೆಗೆ ಹೊರಡುವವರಲ್ಲಿ ಒತ್ತಡ, ಸಕ್ಕರೆ ಕಾಯಿಲೆಗಳಿರುವವರು ವಾರ ಮೊದಲೇ ಒಮ್ಮೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಚೀಲದಲ್ಲಿ ಮೂರು ಔಷಧಗಳು ಕೂಡಿದ ಮಾತ್ರೆಯ ಬದಲು ಬರಿಯ ಪ್ಯಾರಸಿಟಮಾಲ್ 500ರ ಒಂದು ಹಾಳೆ ಇರಲಿ. ಒಂದು ಮಂಡಿಗಷ್ಟೇ ನೋವಿದ್ದರೆ ಡೈಕ್ಲೋಫೆನ್ಯಾಕಿನ ಲೇಪ ಹಚ್ಚಬಹುದು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ದಾರಿಯಲ್ಲಿ ಮಲ ಡಾಂಬರಿನಂತೆ ಕಪ್ಪಾದರೆ, ಅರ್ಧ ದಿನ ಮೂತ್ರವಾಗದಿದ್ದರೆ, ಮುಖ ಊದಿದರೆ ಹರಕೆಯ ಹಠ ಹಿಡಿಯದೆ ಒಡನೆ ತಿಳಿಸಬೇಕು. ಬಿಡಾರಕ್ಕೆ ಬರುವಾಗ ನೀವು ನುಂಗುತ್ತಿರುವ ಮಾತ್ರೆಗಳ ಖಾಲಿ ಹಾಳೆಗಳನ್ನು, ಹೆಸರಿಲ್ಲದ ಪೊಟ್ಟಣಗಳಿದ್ದರೆ ಅವನ್ನೂ, ಒಂದು ಕೈಚೀಲದಲ್ಲಿ ಹಾಕಿಕೊಂಡು ಬನ್ನಿರಿ. ಎಷ್ಟೇ ಗದ್ದಲವಿದ್ದರೂ ಅವುಗಳನ್ನು ಓದಿದ ಮೇಲೆಯೇ ನಾವು ನಾಡಿ ಹಿಡಿಯುತ್ತೇವೆ.